ತುಪ್ಪ ಬಿದ್ದ ಸುಳ್ಳುಗಳು

ಅಜ್ಜಿಯರ ಬಗ್ಗೆ ಬರೆಯುವವರೆಲ್ಲ ಅವರ ಮಡಿಲು, ಅವರ ಕಥೆ, ಅವರ ಕೈತುತ್ತು ಎಂದು ಬರೆಯುತ್ತಾರೆ. ಬರೆಯಲಿ, ಅವರವರ ಪುಣ್ಯ. ನಮ್ಮಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಕೆಗೂ ಮಡಿಲಿತ್ತು, ಕೈತುತ್ತೂ ಇತ್ತು. ಆದರೆ ಆ ತುತ್ತು ಪುಕ್ಕಟೆ ಸಿಗುತ್ತಿರಲಿಲ್ಲ. ನನಗೆ ಸುಳ್ಳು ಹೇಳಲು ಕಲಿಸಿದವಳು ಆಕೆ. ಬೈದು ಕಲಿಸಲಿಲ್ಲ, ಹೊಡೆದು ಕಲಿಸಲಿಲ್ಲ, ಉಣಿಸಿ ಕಲಿಸಿದಳು. ಆಕೆ ಮಣ್ಣಾಗಿ ಎಷ್ಟೋ ಕಾಲವಾಯಿತು. ನನಗೂ ಈಗ ಮೊಮ್ಮಕ್ಕಳ ಮಕ್ಕಳಿದ್ದಾರೆ. ಆದರೂ ಆಕೆಯ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರಿಗೂ ಬೇಡಿಕೊಂಡಿಲ್ಲ.

ನಮ್ಮ ಮನೆ ಇದ್ದದ್ದು ಶಿಗ್ಗಾಂವಿಯಿಂದ ಹುಲಗೂರಿಗೆ ಹೋಗುವ ಗಾಡಿಹಾದಿಯ ಮೇಲಿನ ಒಂದು ಊರಲ್ಲಿ. ಹೊಲಮನೆ ಇದ್ದ ಲಿಂಗವಂತರ ಮನೆ. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಎಡಕ್ಕೆ ಎರಡು ಜೋಡಿ ಎತ್ತು, ಬಲಕ್ಕೆ ಎಮ್ಮೆಗಳು. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಪಡಸಾಲೆಯ ಹಿಂದೆ ಅಡಿಗೆಮನೆ, ಅದರ ಪಕ್ಕಕ್ಕೆ ಬೆಳಕೇ ಇಲ್ಲದ ಒಂದು ಕೋಣೆ. ಹಬ್ಬಕ್ಕೆ ಬಂದವರಿರಲಿ, ಬೀಗರಿರಲಿ, ಎಲ್ಲರೂ ಸೆಗಣಿ ಗಂಜಲದ ವಾಸನೆ ಹಾಯ್ದೇ ಒಳಗೆ ಬರಬೇಕು. ಅಡಿಗೆಮನೆ ಮತ್ತು ಪಡಸಾಲೆಯ ನಡುವೆ ಒಂದು ಕಂಬ ಇತ್ತು. ಆಯಿ ಕೂರುತ್ತಿದ್ದದ್ದು ಅದಕ್ಕೆ ಒರಗಿ. ಅಲ್ಲಿಂದ ತಲೆಬಾಗಿಲೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು. ಅವ್ವ ರೊಟ್ಟಿಗೆ ಹಿಟ್ಟು ಎಷ್ಟು ತೆಗೆದಳು, ಬಾಗಿಲಿಗೆ ಯಾರು ಬಂದರು, ಯಾರು ಯಾರ ಕಡೆ ನೋಡಿ ನಕ್ಕರು, ಎಲ್ಲವೂ ಆಕೆಗೆ ಕೂತಲ್ಲೇ ತಿಳಿಯುತ್ತಿತ್ತು.

ಆಯಿ ಅಡಿಗೆ ಮಾಡುತ್ತಿರಲಿಲ್ಲ, ಬಡಿಸುತ್ತಲೂ ಇರಲಿಲ್ಲ. ತುಪ್ಪ ಮಾತ್ರ ಆಕೆಯೇ ಹಾಕಬೇಕು. ತುಪ್ಪ ಹಾಕುವ ಹಿತ್ತಾಳೆಯ ಮಿಳ್ಳಿ ಆಕೆಯ ಮಗ್ಗುಲಲ್ಲೇ ಇರುತ್ತಿತ್ತು. ನಾವು ಸಾಲಾಗಿ ಕೂತು, ಅವ್ವ ಬಿಸಿ ನುಚ್ಚು ಬಡಿಸಿ ಹೋದ ಮೇಲೆ, ಆಯಿ ಎದ್ದು ಸಾಲಿನ ಮುಂದೆ ಬಾಗಿ ಬರುತ್ತಿದ್ದಳು. ಕೆಲವರಿಗೆ ಮಿಳ್ಳಿ ತುಂಬ, ಕೆಲವರಿಗೆ ಅರ್ಧ, ಕೆಲವರ ತಾಟಿನ ಮೇಲೆ ಮಿಳ್ಳಿ ಸುಮ್ಮನೆ ಹಾಯ್ದು ಹೋಗುತ್ತಿತ್ತು. ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ. ಆ ದಿನ ಮನೆಯಲ್ಲಿ ಯಾರ ಬೆಲೆ ಎಷ್ಟು ಎಂಬುದು ತಾಟು ನೋಡಿದರೆ ತಿಳಿಯುತ್ತಿತ್ತು. ಅಪ್ಪನಂಥ ಅಪ್ಪ, ಮೀಸೆ ಹೊತ್ತ ಗಂಡಸು, ಅವನೂ ತಾಯಿಯ ಕೈ ತನ್ನ ತಾಟಿನ ಮೇಲೆ ಎಷ್ಟು ಬಾಗುತ್ತದೆ ಎಂದು ಓರೆಗಣ್ಣಿನಿಂದ ನೋಡುತ್ತಿದ್ದ. ಅವ್ವ ಉಣ್ಣಲು ಕೂರುವ ಹೊತ್ತಿಗೆ ಮಿಳ್ಳಿ ಗೂಡಿನೊಳಗೆ ಸೇರಿರುತ್ತಿತ್ತು.

ನನ್ನ ಮೊದಲ ಸುಳ್ಳಿಗೆ ನನಗೆ ಐದೋ ಆರೋ ವರ್ಷ. ಸವಣೂರಿನಿಂದ ಆಯಿಯ ತವರಿನ ಕಡೆಯ ಒಬ್ಬ ಮುದುಕ ಬರುತ್ತಿದ್ದ. ಬಂದಾಗೆಲ್ಲ ಎರಡು ದಿನದ ಮಟ್ಟಿಗೆ ಎತ್ತು ಕೇಳುತ್ತಿದ್ದ. ಒಂದು ಮುಂಜಾನೆ ಅವನು ಹಾದಿಯಲ್ಲಿ ಬರುವುದು ಕಂಡ ಕೂಡಲೇ ಆಯಿ ಕತ್ತಲೆಕೋಣೆ ಸೇರಿದಳು. ಹೋಗುವಾಗ ನನ್ನ ಕಿವಿಯಲ್ಲಿ, ಆಯಿ ಇಲ್ಲ ಅನ್ನು ಎಂದಷ್ಟೇ ಹೇಳಿದಳು. ನಾನು ಕಟ್ಟೆಯ ಮೇಲೆ ನಿಂತು ಹೇಳಿದೆ. ಆದರೆ ಮುದುಕ ಅಷ್ಟಕ್ಕೇ ಬಿಡಲಿಲ್ಲ.

"ಎಲ್ಲಿಗೆ ಹೋಗ್ಯಾಳವಾ?"

"ಹುಲಗೂರ ದರ್ಗಾಕ್ಕ ಸಕ್ರಿ ಓದಿಸಾಕ ಹೋಗ್ಯಾಳ್ರಿ. ನಾನೂ ಬರ್ತೇನಿ ಅಂತ ಅತ್ತೆ. ಬಿಟ್ಟು ಹೋದ್ಲು."

ದರ್ಗಾದ ಹರಕೆಯ ಸಕ್ಕರೆಯನ್ನಾಗಲಿ, ಅಳುವನ್ನಾಗಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕ ನನ್ನ ತಲೆ ಸವರಿ, ಅಳಬ್ಯಾಡ ಸಂಜಿಕೆ ಬರ್ತಾಳ ಎಂದು ಸಮಾಧಾನ ಮಾಡಿ ಹೊರಟುಹೋದ. ಅವನು ಹಾದಿ ತಿರುಗಿದ ಮೇಲೆ ಆಯಿ ಹೊರಗೆ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನನ್ನು ಹಿತ್ತಲಿನಿಂದ ಕರೆಸಿ, ಕೂಸು ಅತ್ತೆ ಅಂತ ಬ್ಯಾರೆ ಹೇಳಿತು ನೋಡು ಎಂದು ನನ್ನಿಂದ ಮತ್ತೊಮ್ಮೆ ಹೇಳಿಸಿದಳು. ಅಪ್ಪನೂ ನಕ್ಕ. ಆ ಮಧ್ಯಾಹ್ನ ನನ್ನ ತಾಟಿಗೆ ಮಿಳ್ಳಿ ತುಂಬ ತುಪ್ಪ ಬಿತ್ತು. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಚನ್ನಬಸು, ನನಗ್ಯಾಕ ಇಲ್ಲ ಎಂದು ಕೇಳಿದ್ದಕ್ಕೆ, ಆಕಿ ಮನಿಗೆ ಆಗ್ತಾಳ ಎಂದಳು ಆಯಿ. ಬರೀ ಇಲ್ಲ ಎನ್ನುವ ಸುಳ್ಳಿಗಿಂತ, ಅಳು ಬೆರೆಸಿದ ಸುಳ್ಳಿಗೆ ಬೆಲೆ ಹೆಚ್ಚು ಎಂಬುದು ಅಂದು ನನ್ನ ನಾಲಿಗೆಗೆ ಗೊತ್ತಾಯಿತು.

ಅದೇ ಮುದುಕ ಇನ್ನೊಮ್ಮೆ ಬಂದಾಗ ಬಾಗಿಲಲ್ಲಿದ್ದವನು ಚನ್ನಬಸು. ಅವನು ಪೆದ್ದನಂತೆ, ಆಯಿ ಒಳಗ ಅದಾಳ್ರಿ ಎಂದುಬಿಟ್ಟ. ಎತ್ತು ಹೋದವು. ಎಂಟು ದಿನ ಅಣ್ಣನ ತಾಟಿನ ಮೇಲೆ ಮಿಳ್ಳಿ ಹಾಯ್ದು ಹೋಯಿತು. ಒಂದು ಮಾತು ಬೈಯಲಿಲ್ಲ ಆಕೆ. ಒಂಬತ್ತನೆಯ ದಿನ ಅಣ್ಣನೂ ಸುಳ್ಳು ಶುರು ಮಾಡಿದ. ಆದರೆ ಅವನ ಸುಳ್ಳು ತಡವರಿಸುತ್ತಿತ್ತು, ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಅವನ ಒಣ ನುಚ್ಚು ನೋಡುತ್ತ ಉಣ್ಣುವುದು ನನಗೆ ತುಪ್ಪಕ್ಕಿಂತ ರುಚಿ ಎನ್ನಿಸುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಸುಳ್ಳಿನ ಬೆನ್ನಿಗೇ ಕಳವು ಬಂತು. ಆಯಿ ಅದನ್ನು ಕಳವು ಎಂದು ಎಂದೂ ಕರೆಯಲಿಲ್ಲ. "ತರೂದು" ಎನ್ನುತ್ತಿದ್ದಳು. ಪಕ್ಕದ ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತರುವುದು, ಗಾಣದವರ ಅಂಗಳದಿಂದ ಶೇಂಗಾ ತರುವುದು, ಕಣದಲ್ಲಿ ಆಡಲು ಹೋದಾಗ ಉಡಿಯಲ್ಲಿ ಕಡಲೆ ತರುವುದು. ನಾನು ತಂದದ್ದನ್ನು ಆಕೆ ಮೊರಕ್ಕೆ ಸುರುವಿಕೊಂಡು, ಎಲ್ಲಿಂದ, ಯಾರು ನೋಡಿದರು, ಹೇಗೆ ಬಂದಿ ಎಂದು ಕಥೆ ಕೇಳುವ ಹಾಗೆ ಕೇಳುತ್ತಿದ್ದಳು. ಆದರೆ ಒಮ್ಮೆ ಆಕೆಯದೇ ಗೂಡಿನಿಂದ ಬೆಲ್ಲದ ಒಂದು ಚೂರು ಮುರಿದುಕೊಂಡಾಗ ನನ್ನ ಅಂಗೈಯನ್ನು ಕೊಳವೆಯಿಂದ ಹೊಡೆದಳು. ಒಲೆ ಊದುವ ಕಬ್ಬಿಣದ ಕೊಳವೆ ಅದು. ಹೊರಗಿನವರದು ತಂದರೆ ಜಾಣತನ, ಆಯಿಯದು ಮುಟ್ಟಿದರೆ ಪಾಪ. ಊರಿಗೆಲ್ಲ ಸುಳ್ಳು ಹೇಳಬಹುದು, ಆಯಿಗೆ ಹೇಳಬಾರದು. ಇದು ನಮ್ಮ ಮನೆಯ ಧರ್ಮ, ಮತ್ತು ನಾನು ಅದನ್ನು ಬಹಳ ನಿಷ್ಠೆಯಿಂದ ಪಾಲಿಸಿದೆ.

ಅವ್ವ ಹಿರೇಕೆರೂರಿನ ಕಡೆಯ ಹಂಸಭಾವಿಯವಳು. ಮಾತು ಕಡಿಮೆ. ಒಂದು ದಿನ ನನ್ನ ತಲೆ ಬಾಚುತ್ತ, ನನ್ನ ಮುಖ ಕಾಣದಂತೆ ಹಿಂದಿನಿಂದ ಹೇಳಿದಳು.

"ಎಷ್ಟ ಚಂದ ಹೇಳ್ತಿ ನೀ. ಕೇಳಿದ್ರ ನನಗ ಅಂಜಿಕಿ ಬರ್ತೈತಿ. ನನ್ನ ಮುಂದಾದ್ರೂ ಖರೆ ಹೇಳವಾ."

ಹೂಂ ಎಂದೆ. ಅದೂ ಸುಳ್ಳೇ. ಖರೆ ಹೇಳಿದರೆ ಕೊಡಲು ಅವ್ವನ ಕೈಯಲ್ಲಿ ಏನೂ ಇರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ. ಯುದ್ಧದ ವರ್ಷಗಳು ಬಂದವು. ಯುದ್ಧ ಎಲ್ಲೋ ನಡೆಯುತ್ತಿತ್ತು, ನಮ್ಮೂರಿಗೆ ಬಂದದ್ದು ಲೇವಿ. ಮನೆಯಲ್ಲಿರುವ ಕಾಳನ್ನು ತೋರಿಸಬೇಕು, ಉಣ್ಣುವಷ್ಟು ಇಟ್ಟುಕೊಂಡು ಉಳಿದದ್ದನ್ನು ಸರಕಾರ ಹೇಳಿದ ಬೆಲೆಗೆ ಕೊಡಬೇಕು. ಉಣ್ಣಲು ಮೇಲೆ ತೆಗೆದಿಟ್ಟದ್ದು ಬಿಟ್ಟರೆ ನಮ್ಮ ಜೋಳವೆಲ್ಲ ಇದ್ದದ್ದು ಹಗೇವಿನಲ್ಲಿ. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಕೋಣೆಯಷ್ಟು ಅಗಲ. ತಳಕ್ಕೂ ಮಗ್ಗುಲಿಗೂ ಒಣಹುಲ್ಲು ಹಾಕಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ನೀರು ಮಾತ್ರ ಸೋಂಕಬಾರದು. ಅದಕ್ಕೇ ಊರವರೆಲ್ಲ ಹಗೇವು ತೋಡುವುದು ಎತ್ತರದ ಒಣನೆಲದಲ್ಲಿ. ನಮ್ಮದು ತಲೆಬಾಗಿಲ ಒಳಗೇ, ದನಗಳ ಜಾಗದ ಮೂಲೆಯಲ್ಲಿತ್ತು. ಆ ಮೂಲೆಯಲ್ಲಿ ಮಾತ್ರ ಎಂದೂ ದನ ಕಟ್ಟುತ್ತಿರಲಿಲ್ಲ. ಲೇವಿಯವರು ಬರುತ್ತಾರೆಂಬ ಸುದ್ದಿ ಬಂದ ವಾರ ಆಯಿ, ಎಮ್ಮೆಗಳನ್ನು ಅಲ್ಲಿಗೇ ಕಟ್ಟಲು ಹೇಳಿದಳು.

"ಗಂಜಲ ಇಳಿತೈತಿ ಯವ್ವಾ," ಎಂದ ಅಪ್ಪ. "ಜ್ವಾಳ ಕೆಡ್ತಾವ."

"ಮ್ಯಾಲೊಂದು ಕಲ್ಲು ಹಾಕು, ಮಣ್ಣ ಬಡಿ. ಎಮ್ಮಿ ಕಾಲಾಗ ಯಾವ ಸಾಹೇಬ ಕೈ ಹಾಕ್ತಾನ?"

ಒಕ್ಕಲುತನದಲ್ಲಿ ಹುಟ್ಟಿ ಬೆಳೆದವರು ಯಾರೂ ಮಾಡಬಾರದ ಕೆಲಸ ಅದು. ಅಪ್ಪನಿಗೆ ಗೊತ್ತಿತ್ತು. ಆದರೂ ಎಮ್ಮೆ ಕಟ್ಟಿದ. ಹಗೇವಿನ ಬಾಯಿಯ ಮೇಲೆ ಸರಿಯಾಗಿ ಮೇವು ಹಾಕುವ ಗೋದಲಿ ಬಂತು. ಒಳಗೆ ಕಾಳು ಹೇಗಿದೆ ಎಂದು ತಿಳಿಯಲು ಒಂದೇ ದಾರಿ ಉಳಿಯಿತು. ಗೋದಲಿಯ ಅಡಿಯಲ್ಲಿ ನುಸುಳಿ, ಎರಡು ಕಲ್ಲುಗಳ ಸಂದಿಗೆ ಮೂಗು ಹಚ್ಚಿ ಮೂಸುವುದು. ಅಲ್ಲಿ ನುಸುಳುವಷ್ಟು ಸಣ್ಣವಳು ನಾನೊಬ್ಬಳೇ. ಪ್ರತಿ ಅಮಾವಾಸ್ಯೆಯ ಮುಂಜಾನೆ ಇದು ನನ್ನ ಕೆಲಸವಾಯಿತು. ಬೆಚ್ಚಗಿನ, ಹೊಸ ರೊಟ್ಟಿಯ ವಾಸನೆ ಬರುತ್ತಿತ್ತು. ಬಂದು ಆಯಿಗೆ ಹೇಳುತ್ತಿದ್ದೆ. ಆಯಿಗೆ ನಾನು ಖರೆಯನ್ನೇ ಹೇಳುತ್ತಿದ್ದೆ.

ಲೇವಿ ಸಾಹೇಬ ಬಂದ ದಿನ ಅವನೂ ಜೊತೆಗೆ ಬಂದವನೂ ಮನೆಯನ್ನೆಲ್ಲ ತಡಕಾಡಿದರು. ಕತ್ತಲೆಕೋಣೆಯಲ್ಲಿ ಎರಡು ಚೀಲ ಸಿಕ್ಕವು. ಅವು ಸಿಗಲೆಂದೇ ಇಟ್ಟವು. ಸಾಹೇಬ ಒಳ್ಳೆಯ ಮನುಷ್ಯನಿರಬೇಕು, ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕೂತು ನನ್ನನ್ನು ಹತ್ತಿರ ಕರೆದ. ಹುಡುಗರು ಸುಳ್ಳು ಹೇಳುವುದಿಲ್ಲ ಎಂದು ಜೊತೆಯವನಿಗೆ ಹೇಳಿದ.

"ನಿನ್ನಿ ಏನ್ ಉಂಡಿ ತಂಗಿ?"

ನಾನು ಆಯಿಯ ಕಡೆ ನೋಡಲಿಲ್ಲ. ನೋಡಬಾರದು ಎಂಬುದು ಗೊತ್ತಿತ್ತು. ಅವ್ವನ ಕಡೆ ನೋಡಿದೆ, ಹೇಳಲೋ ಬೇಡವೋ ಎನ್ನುವ ಹಾಗೆ. ಆಮೇಲೆ ಸಣ್ಣ ದನಿ ತೆಗೆದೆ.

"ಅಂಬಲಿ ಕುಡದೇವ್ರಿ. ಅವ್ವ ನೀರ ಕುಡದ ಮಲಗಿದ್ಲು. ಯಾರ ಮುಂದೂ ಹೇಳಬ್ಯಾಡ ಅಂದಾಳ್ರಿ, ಮರ್ಯಾದಿ ಹೋಗ್ತೈತಿ ಅಂತ."

ಸಾಹೇಬ ಎದ್ದು ನಿಂತ. ಅವ್ವನಿಗೆ ಕೈ ಮುಗಿದು, ತಪ್ಪು ತಿಳೀಬ್ಯಾಡ್ರಿ ತಾಯಿ ಎಂದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಸಿದ ಹೆಣ್ಣುಮಗಳ ನಾಚಿಕೆ ಎಂದು ಅವನು ತಿಳಿದಿರಬೇಕು. ಅವನು ಹೋದ ಮೇಲೆ ಮನೆಯಲ್ಲಿ ಹೋಳಿಗೆಯಾಯಿತು. ನನ್ನನ್ನು ಗಂಡಸರ ಸಾಲಿನಲ್ಲಿ, ಅಪ್ಪನ ಮಗ್ಗುಲಿಗೆ ಕೂರಿಸಿದರು. ಆಯಿ ಮೊದಲು ನನಗೆ ತುಪ್ಪ ಹಾಕಿ, ಆಮೇಲೆ ಅಪ್ಪನಿಗೆ ಹಾಕಿದಳು.

ಆಗ ನಮ್ಮ ಮನೆಗೆ ಸೆಗಣಿ ಬಳಿಯಲು, ಅಂಗಳ ಗುಡಿಸಲು ಬರುತ್ತಿದ್ದವಳು ದ್ಯಾಮವ್ವ. ಕೇರಿಯವಳು. ಕಟ್ಟೆ ಹತ್ತುವಂತಿರಲಿಲ್ಲ. ನೀರು ಕೇಳಿದರೆ ಅವ್ವ ಮೇಲಿನಿಂದ ಹೊಯ್ಯುತ್ತಿದ್ದಳು, ಆಕೆ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಗಂಡ ಸತ್ತಿದ್ದ, ನನ್ನ ವಯಸ್ಸಿನ ಒಬ್ಬ ಮಗಳಿದ್ದಳು. ಸುಗ್ಗಿಗೆ ಮುಂಚೆ ಹಾಲುಗಾಳಿನ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಆ ಬಿಸಿ ಸೀತನಿಯನ್ನು ಹೊಲದಲ್ಲಿ ನನಗೆ ತಿನ್ನಿಸುತ್ತಿದ್ದಳು. ಮನೆಯಲ್ಲಿ ಹೇಳಬ್ಯಾಡ ಎನ್ನುತ್ತಿದ್ದಳು. ನಾನು ಹೇಳಿರಲಿಲ್ಲ. ಅದಕ್ಕೆ ಪ್ರತಿಯಾಗಿ ಆಕೆ ನನ್ನಿಂದ ಏನೂ ಕೇಳಿರಲಿಲ್ಲ.

ಲೇವಿ ಮುಗಿದ ಮೇಲೆ ಊರಲ್ಲಿ ಕಾಳು ಸಿಗದಾಯಿತು. ಕೇರಿಯಲ್ಲಿ ಹಸಿವು ಬಿತ್ತು. ದ್ಯಾಮವ್ವ ಎರಡು ಸೇರು ಜೋಳ ಕೇಳಿದಳು. ಇಲ್ಲ ಎಂದಳು ಆಯಿ. ದ್ಯಾಮವ್ವ ಸೆಗಣಿಯ ಬುಟ್ಟಿ ಹಿಡಿದು, ತಲೆ ತಗ್ಗಿಸಿಕೊಂಡೇ ಹೇಳಿದಳು.

"ಎಮ್ಮಿ ಕಟ್ಟೂ ಜಾಗಾದಾಗ ಪೊಳ್ಳ ಸಪ್ಪಳ ಬರ್ತೈತ್ರಿ ಅವ್ವಾರ. ನಾ ದಿನಾ ಬಳೀತೇನಿ. ಯಾರ ಮುಂದೂ ಅಂದಿಲ್ಲ."

ಆಕೆ ಹೆದರಿಸಲು ಹೇಳಲಿಲ್ಲ. ನಿಮ್ಮವಳು ನಾನು ಎಂದು ತೋರಿಸಲು ಹೇಳಿದಳು. ಆಯಿ ಆ ದಿನ ನಗುತ್ತಲೇ ಎರಡು ಸೇರು ಅಳೆದು ಕೊಟ್ಟಳು. ನಾಲ್ಕು ದಿನ ಬಿಟ್ಟು ನನ್ನ ಕಾಲಿನ ಒಂದು ಬೆಳ್ಳಿ ಕಡಗವನ್ನು, ಸಡಿಲಾಗೈತಿ ಸರಿ ಮಾಡಿಸ್ತೇನಿ ಎಂದು ತೆಗೆದುಕೊಂಡಳು. ಮರುದಿನ ಅದು ದ್ಯಾಮವ್ವನ ಸೆಗಣಿ ಬುಟ್ಟಿಯಲ್ಲಿ ಸಿಕ್ಕಿತು. ನನಗೆ ಆಯಿ ಇಂಥದ್ದು ಹೇಳು ಎಂದು ಹೇಳಿಕೊಡಲಿಲ್ಲ. ಚಾವಡಿಯಲ್ಲಿ ಗೌಡರ ಮುಂದೆ, ಹತ್ತಾರು ಜನರ ಮುಂದೆ, ಒಂದೇ ಪ್ರಶ್ನೆ ಕೇಳಿದಳು.

"ಆಕಿ ತಗೊಂಡಿದ್ದು ನೀ ನೋಡಿದಿ ಹೌದಿಲ್ಲ ನೀಲವ್ವಾ?"

ಹೌದು ಎಂದರೆ ಸಾಕಾಗಿತ್ತು. ಪ್ರಾಯಶಃ ಹೌದು ಎಂದಷ್ಟೇ ಅಂದಿದ್ದರೆ ಗೌಡ ನಂಬುತ್ತಲೂ ಇರಲಿಲ್ಲ, ಯಾಕೆಂದರೆ ದ್ಯಾಮವ್ವ ಇಪ್ಪತ್ತು ವರ್ಷ ಆ ಊರಲ್ಲಿ ಒಂದು ಹುಲ್ಲುಕಡ್ಡಿ ಮುಟ್ಟಿದವಳಲ್ಲ. ಆದರೆ ನಾನು ಅಷ್ಟಕ್ಕೆ ನಿಲ್ಲಿಸುವವಳೇ? ಜನ ನನ್ನ ಬಾಯಿ ನೋಡುತ್ತಿದ್ದರು.

"ನಾ ಕಟ್ಟಿ ಅಂಚಿನಾಗ ಮಲಗಿದ್ದೆ. ಕಾಲ ಜಗ್ಗಿದಂಗಾತು. ಕಣ್ಣ ತೆರದ್ರ ದ್ಯಾಮವ್ವ. ಬಾಯಿ ಮ್ಯಾಲ ಬೆರಳ ಇಟ್ಟು, ನನ್ನ ಮಗಳಿಗೆ ಒಂದಾ ಒಂದ ದಿನ ಹಾಕಿ ನೋಡಿ ಕೊಡ್ತೇನಿ, ಹೇಳಬ್ಯಾಡ ನಮ್ಮವ್ವಾ ಅಂದ್ಲು."

ಹೆಂಗಸರು ಲೊಚಗುಟ್ಟಿದರು. ಮಗಳ ಹೆಸರು ಬಂದದ್ದೇ ಎಲ್ಲರೂ ನಂಬಿಬಿಟ್ಟರು. ಗೌಡ ದ್ಯಾಮವ್ವನ ಕಡೆ ತಿರುಗಿ, ಏನಂತೀ ಎಂದ. ಆಕೆ ನನ್ನನ್ನೇ ನೋಡುತ್ತ ಹೇಳಿದಳು.

"ಕೂಸು ಸುಳ್ಳ ಹೇಳೂದಿಲ್ರಿ. ಹಂಗಂದ್ರ ನಾನ ತಗೊಂಡಿರಬೇಕು."

ಆಕೆಯ ತಲೆಯ ಮೇಲೆ ಕಲ್ಲು ಹೊರಿಸಿ ಊರ ಸುತ್ತ ತಿರುಗಿಸಿದರು. ಮರುದಿನ ತಾಯಿ ಮಗಳು ಊರು ಬಿಟ್ಟರು. ಚಾವಡಿಯಿಂದ ಬಂದ ದಿನ ಮಧ್ಯಾಹ್ನ ಆಯಿ ನನ್ನನ್ನು ತನ್ನ ತಾಟಿನಲ್ಲೇ ಉಣ್ಣಿಸಲು ಕೂರಿಸಿಕೊಂಡಳು. ಅದು ಮನೆಯಲ್ಲಿ ಯಾರಿಗೂ ಸಿಗದ ಮರ್ಯಾದೆ. ಎರಡು ತುತ್ತು ನುಂಗಿ ಮೂರನೆಯದಕ್ಕೆ ವಾಂತಿ ಮಾಡಿಕೊಂಡೆ. ಹಿತ್ತಲಲ್ಲಿ ಅವ್ವ ನನ್ನ ಬಾಯಿ ತೊಳೆಯುವಾಗ, ಹುಟ್ಟಿದ ಮೇಲೆ ಮೊದಲ ಸಲ, ಆಕೆಗೆ ಎಲ್ಲವನ್ನೂ ಖರೆ ಹೇಳಿದೆ. ಚಾವಡಿಗೆ ಹೋಗಿ ಹೇಳು ಎಂದು ಅವ್ವನ ಸೀರೆ ಜಗ್ಗಿದೆ.

"ನಿನ್ನ ಮಾತಿನ ಮುಂದ ನನ್ನ ಮಾತ ಯಾರು ನಂಬ್ತಾರವಾ?" ಎಂದಳು ಅವ್ವ.

ಆ ದಿನದಿಂದ ನನ್ನ ತಲೆಯಲ್ಲಿ ಒಂದೇ ವಿಚಾರ. ಆಯಿಗೆ ನೋವಾಗಬೇಕು. ಹೇಗೆಂದು ಗೊತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಆಕೆಗೆ ಏನು ಮಾಡಬಲ್ಲಳು? ಆಕೆ ಕೊಟ್ಟದ್ದನ್ನು ಉಂಡೆ, ಆಕೆ ನಗಿಸಿದಾಗ ನಕ್ಕೆ, ಸಮಯ ಕಾದೆ. ಕಾಯುವುದನ್ನೂ ಆ ಕಂಬದ ಹತ್ತಿರವೇ ಕಲಿತಿದ್ದೆ.

ಮಳೆಗಾಲ ಬಂತು. ಆಷಾಢದ ಅಮಾವಾಸ್ಯೆಯ ಮುಂಜಾನೆ ಎಂದಿನಂತೆ ಗೋದಲಿಯ ಕೆಳಗೆ ನುಸುಳಿ ಸಂದಿಗೆ ಮೂಗು ಹಚ್ಚಿದೆ. ಒಳಗಿನಿಂದ ಹುಳಿ ವಾಸನೆ ಬಂತು. ಮರೆತಿಟ್ಟ ಹಿಟ್ಟಿನ ವಾಸನೆ. ಕಲ್ಲು ಬೆಚ್ಚಗಿತ್ತು, ಸಂದಿಯ ಮಣ್ಣು ಹಸಿಯಾಗಿತ್ತು. ಗಂಜಲ ಇಳಿದಿತ್ತು. ಆ ದಿನವೇ ಬಾಯಿ ತೆಗೆದು, ಮೇಲಿನ ಕಾಳನ್ನು ಹೊರಗೆ ಹಾಕಿ ಒಣಗಿಸಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಇದು ಒಕ್ಕಲುತನದ ಮನೆಯ ಹುಡುಗಿಯಾದ ನನಗೆ ಚೆನ್ನಾಗಿ ಗೊತ್ತಿತ್ತು. ಮೊಣಕಾಲಿನ ಮಣ್ಣು ಕೊಡವಿಕೊಂಡು ಆಯಿಯ ಮುಂದೆ ಬಂದು ನಿಂತೆ.

"ಹೆಂಗೈತಿ?"

"ಕಮ್ಮಗೈತಿ ಆಯಿ. ಒಳಗ ಯಾರೋ ರೊಟ್ಟಿ ಬಡ್ಯಾಕತ್ತಾರೇನೋ ಅನಸ್ತೈತಿ."

ಆಯಿ ನಕ್ಕು ನನ್ನ ಗಲ್ಲ ಸವರಿದಳು. ಮುಂದಿನ ಅಮಾವಾಸ್ಯೆಗೂ ಹಾಗೇ ಹೇಳಿದೆ. ಅದರ ಮುಂದಿನದಕ್ಕೂ. ನಾಲ್ಕನೆಯ ಸಲ ವಾಸನೆಗೆ ಕಣ್ಣಲ್ಲಿ ನೀರು ಬಂತು, ಆದರೂ ನಗುತ್ತ ಹೋಗಿ ಹೇಳಿದೆ. ದನಗಳ ವಾಸನೆಯಲ್ಲಿ ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ನನ್ನ ಮಾತಿನ ಮೇಲೆ ಆಯಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ದೀಪಾವಳಿ ಕಳೆದ ಮೇಲೆ, ಪೇಟೆಯಲ್ಲಿ ಬೆಲೆ ಏರಿದೆ ಎಂದು ಹಗೇವು ತೆಗೆದರು. ಗೋದಲಿ ಒಡೆದು, ಕಲ್ಲು ಎಬ್ಬಿಸಿದಾಗ ಮೇಲೆ ಬಂದ ಬಿಸಿಗೆ ಎಮ್ಮೆಗಳು ಹಗ್ಗ ಹರಿಯಲು ನೋಡಿದವು. ಕೆಟ್ಟ ಗಾಳಿ ಇದೆಯೋ ಎಂದು ದೀಪ ಇಳಿಬಿಟ್ಟರೆ ಮೂರು ಸಲ ಆರಿತು. ಮಧ್ಯಾಹ್ನದವರೆಗೆ ಕಾದು ಆಳೊಬ್ಬ ಹಗ್ಗ ಕಟ್ಟಿಕೊಂಡು ಇಳಿದ, ಹಿಡಿಯಲ್ಲಿ ಕರಿ ಮುದ್ದೆ ಹಿಡಿದು ಮೇಲೆ ಬಂದ. ಆಯಿ ಅದನ್ನು ಅಂಗೈಗೆ ಹಾಕಿಸಿಕೊಂಡು ಹಿಸುಕಿದಳು. ಒಂದು ಕಾಳೂ ಬೇರೆಯಾಗಲಿಲ್ಲ. ಆಕೆ ಅಪ್ಪನನ್ನು ಬೈದಳು, ಕಲ್ಲು ಕೂರಿಸಿದವರನ್ನು ಬೈದಳು, ದ್ಯಾಮವ್ವನ ಕಣ್ಣು ತಾಗಿತು ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತ ನೋಡಿದ ನನಗೆ ಅಂದು ಆದಷ್ಟು ಸಂತೋಷ ಮದುವೆಯ ದಿನವೂ ಆಗಲಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ಆ ಕೊಳೆತ ಜೋಳವನ್ನು ಗಾಡಿಯಲ್ಲಿ ಹೇರಿ ಹಳ್ಳದ ದಂಡೆಗೆ ಸುರುವಿದರು. ಮರುದಿನ ಕೇರಿಯ ಹೆಂಗಸರು ಅಲ್ಲಿ ಕೂತು, ಆ ಕರಿ ಗುಡ್ಡೆಯಲ್ಲಿ ತಿನ್ನಲು ಬರುವ ಕಾಳು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಅವರ ಮಕ್ಕಳೂ ಹುಡುಕುತ್ತಿದ್ದವು. ಆಯಿಯ ಮೇಲೆ ನಾನು ತೀರಿಸಿಕೊಂಡ ಸೇಡು ಅದು. ನಮ್ಮ ಮನೆಯಲ್ಲಿ ಯಾರೂ ಒಂದು ಹೊತ್ತೂ ಉಪವಾಸ ಬೀಳಲಿಲ್ಲ.

ಮುಂದೆ ನನ್ನನ್ನು ಹಾನಗಲ್ಲಿಗೆ ಕೊಟ್ಟರು. ಗಂಡನ ಮನೆ ಪೇಟೆಯ ಹತ್ತಿರ. ಒಂದು ದಿನ ಭತ್ತದ ಗಾಡಿಗಳು ಸಾಲಾಗಿ ನಿಂತಲ್ಲಿ ಹಾಯ್ದು ಬರುವಾಗ, ಒಬ್ಬ ಹುಡುಗಿ ಗಾಡಿಯವನ ಮುಂದೆ ನಿಂತು ದಾರಿ ಕೇಳುತ್ತ ಅಳುವುದನ್ನು ನೋಡಿದೆ. ಅಳು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅದು ಸುಳ್ಳು ಎಂದು ನನಗೆ ತಟ್ಟನೆ ತಿಳಿಯಿತು, ಗಾಡಿಯ ಹಿಂದಕ್ಕೆ ಹೋಗಿ ನೋಡಿದೆ. ಒಬ್ಬ ಹೆಂಗಸು ಚೀಲದ ಹೊಲಿಗೆ ಬಿಚ್ಚಿ ಉಡಿಗೆ ಭತ್ತ ಇಳಿಸಿಕೊಳ್ಳುತ್ತಿದ್ದಳು. ದ್ಯಾಮವ್ವ. ನನ್ನನ್ನು ಗುರುತು ಹಿಡಿದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಉಡಿ ತುಂಬಿದ ಮೇಲೆ ಚೀಲದ ಬಾಯಿಗೆ ಹುಲ್ಲು ತುರುಕಿ ನಡೆದಳು. ಕಣ್ಣೊರೆಸಿಕೊಂಡು ಮಗಳೂ ಆಕೆಯ ಬೆನ್ನು ಹತ್ತಿದಳು, ನಾನೂ ಹಿಂದೆ ಹೋದೆ. ಕೆರೆಯ ದಂಡೆಯಲ್ಲಿ ದ್ಯಾಮವ್ವ ನಿಂತಳು.

"ಕಳ್ಳಿ ಅಂತ ಕಲ್ಲ ಹೊರಿಸಿ ಕಳಿಸಿದ್ರಿ. ಆ ಹೆಸರು ನನಗಿಂತ ಮೊದಲ ಇಲ್ಲಿ ಬಂದಿತ್ತು. ಕೂಲಿಗೆ ಯಾರೂ ಕರೀಲಿಲ್ಲ. ಸುಳ್ಳ ಹೆಸರ ಹೊತ್ಕೊಂಡು ಹಸ್ಕೊಂಡ ಸಾಯೂದ್ಯಾಕ ಅಂತ, ಅದನ್ನ ಖರೇ ಮಾಡಿದೆ."

"ನಿನ್ನ ಮಗಳಿಗೂ ಕಲಿಸಿದ್ಯಾ?" ಎಂದೆ.

"ಚಲೋ ಅತ್ತ ದಿನ ಆಕಿಗೆ ಮೊದಲ ಉಣಿಸ್ತೇನಿ. ಕಲೀತಾಳ."

ನಾನು ಆಕೆಯ ಕಾಲು ಹಿಡಿಯಲು ಬಾಗಿದೆ. ಆಕೆ ಹಿಂದಕ್ಕೆ ಸರಿದಳು. ಆ ದಿನ ಚಾವಡಿಯಲ್ಲಿ ನನ್ನ ಮಾತನ್ನೇ ಎತ್ತಿಹಿಡಿದದ್ದು ಯಾಕೆ, ಮಮತೆಯಿಂದಲೇ ಎಂದು ಕೇಳಿದೆ. ಅಷ್ಟು ವರ್ಷ ನಾನು ಹಾಗೆ ತಿಳಿದಿದ್ದೆ.

"ಮಮತಾ ಅಲ್ಲ ಬೇ. ಉಣ್ಣಾಕ ಕುಂತಾಗೊಮ್ಮೆ ನಿನಗ ನನ್ನ ನೆನಪಾಗ್ಲಿ ಅಂತ ಅಂದೆ. ಆಗ್ತೈತಿಲ್ಲ?"

ಆಗುತ್ತದೆ ಎಂದೆ. ಆಕೆ ತಲೆ ಆಡಿಸಿ, ಮಗಳನ್ನು ಕರೆದುಕೊಂಡು ಹೋದಳು.

ಆ ವಾರವೇ, ಆಯಿಗೆ ಲಕ್ವಾ ಹೊಡೆದಿದೆ, ಹಾಸಿಗೆ ಹಿಡಿದಿದ್ದಾಳೆ ಎಂದು ತವರಿನಿಂದ ಹೇಳಿಕಳಿಸಿದರು. ನಾನು ಹೊರಟದ್ದು ನೋಡುವುದಕ್ಕಲ್ಲ. ನಾಲ್ಕು ಅಮಾವಾಸ್ಯೆಯ ಮಾತನ್ನು ಯಾರಿಗೂ ಹೇಳಿರಲಿಲ್ಲ. ಅದನ್ನು ಆಕೆಯ ಬಾಯಿಗೆ ವಿಷದಂತೆ ಹಾಕಬೇಕು, ತಾನು ಸಾಕಿದ ಮೊಮ್ಮಗಳೇ ತನಗೆ ಹೀಗೆ ಮಾಡಿದಳು ಎಂದು ತಿಳಿದು ಆಕೆ ಸಾಯಬೇಕು ಎಂದೇ ಹೊರಟೆ. ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಆಯಿ ಒಂದು ಮಗ್ಗುಲಾಗಿ ಮಲಗಿದ್ದಳು. ಎಡಗೈ ಸತ್ತಿತ್ತು, ಬಾಯಿ ಸ್ವಲ್ಪ ವಾರೆಯಾಗಿತ್ತು, ಮಾತು ಸ್ಪಷ್ಟವಿತ್ತು. ಹತ್ತಿರ ಕೂತೆ. ಕುಶಲ ಕೇಳಲಿಲ್ಲ.

"ಆ ಹಗೇವು ಕೆಟ್ಟಿತ್ತಲ್ಲ ಆಯಿ. ಆಷಾಢದಾಗನ ವಾಸನಿ ಬಂದಿತ್ತು. ನಾ ನಿನಗ ಸುಳ್ಳ ಹೇಳಿದೆ."

ಆಯಿ ಕಣ್ಣು ಮುಚ್ಚಿ ತೆರೆದಳು.

"ಯಾಕ?"

"ದ್ಯಾಮವ್ವನ ಸಲುವಾಗಿ."

"ಯಾವ ದ್ಯಾಮವ್ವ?"

ಆಕೆ ನಾಟಕ ಮಾಡುತ್ತಿರಲಿಲ್ಲ. ನನಗೆ ಆಕೆಯ ನಾಟಕ ಚೆನ್ನಾಗಿ ಗೊತ್ತು. ನಿಜವಾಗಿಯೂ ಮರೆತಿದ್ದಳು. ನಾನು ಚಾವಡಿ, ಕಡಗ, ಬುಟ್ಟಿ ಎಲ್ಲವನ್ನೂ ಹೇಳಿದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ, ಆಕೆಯ ಮನಸ್ಸು ಬೇರೆ ಕಡೆ ಇತ್ತು.

"ಎಷ್ಟ ಅಮಾಸಿ ಹೇಳಿದಿ ಹಂಗ?"

"ನಾಕು."

"ನಾಕೂ ಸಲ ನನ್ನ ಮಾರಿ ನೋಡೇ ಹೇಳಿದ್ಯಾ?"

"ನಿನ್ನ ಮಾರಿ ನೋಡೇ ಹೇಳಿದೆ."

ಆಯಿಯ ವಾರೆಬಾಯಿ ಇನ್ನಷ್ಟು ವಾರೆಯಾಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿ ಎಂದು ಮುಂದಕ್ಕೆ ಬಾಗಿ ನೋಡಿದೆ. ಆಕೆ ನಗುತ್ತಿದ್ದಳು. ಬದುಕಿದ್ದ ಬಲಗೈಯಿಂದ ನನ್ನ ಕೈ ತಡಕಿ ಹಿಡಿದುಕೊಂಡಳು.

"ನನಗ ತಿಳೀಲಿಲ್ಲ ನೋಡು. ಈ ಊರಾಗ ನನಗ ಸುಳ್ಳ ಹೇಳಿ ದಕ್ಕಿಸ್ಕೊಂಡಾವ್ರು ಒಬ್ರೂ ಇಲ್ಲ. ಭೇಷ್ ನೀಲಿ. ಭೇಷ್."

ಕೈ ಕಿತ್ತುಕೊಳ್ಳಬೇಕಿತ್ತು. ಎದ್ದು ಬರಬೇಕಿತ್ತು. ಅದಕ್ಕೇ ಅಷ್ಟು ದೂರದಿಂದ ಬಂದಿದ್ದೆ. ಆದರೆ ಆ ಒಂದು ಮಾತಿಗೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು, ಮೈ ಹಿಗ್ಗಿತು, ಮತ್ತು ನನ್ನ ಮುಖದ ಮೇಲೆ ನಗು ಬಂದದ್ದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು ಅವ್ವನಿಂದ. ಆಕೆ ಗಂಜಿಯ ಬಟ್ಟಲು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಮುಖವನ್ನು ಒಮ್ಮೆ ನೋಡಿ, ಬಟ್ಟಲನ್ನು ಅಲ್ಲೇ ನೆಲಕ್ಕಿಟ್ಟು, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.